‘ಇಲ್ಲ’ ಅನ್ನುವುದನ್ನು ಕಲಿಸದ ಜಪಾನಿ ತರಗತಿ

೨೦೨೩ರಲ್ಲಿ ನಾನು ಪುಣೆಯ ಒಂದು ಕಾಲೇಜಿನಲ್ಲಿ ಜಪಾನಿ ಭಾಷೆಯ ಅಧ್ಯಾಪಕಿಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಜಪಾನಿಯನ್ನು ವಿದೇಶಿ ಭಾಷೆಯಾಗಿ ಕಲಿಸುವುದು ಹೇಗೆ ಎಂಬುದೇ ನನ್ನ ಸಂಶೋಧನೆಯ ಕ್ಷೇತ್ರ. ಆ ವರ್ಷ ನಮ್ಮ ವಿಭಾಗ ಎತ್ತಿಕೊಂಡ ವಿಷಯ ನನಗೆ ಹೇಳಿ ಮಾಡಿಸಿದಂತಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಮಾತಾಡುವವರಿಗೆ ಜಪಾನಿ ಕಲಿಯುವಾಗ ಯಾವುದು ಸುಲಭ, ಯಾವುದು ತೊಡಕು ಎಂದು ನೋಡಬೇಕಿತ್ತು. ನಾನು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಅಥಣಿಯ ಒಂದು ತರಬೇತಿ ಕೇಂದ್ರದಲ್ಲಿ ಕೂತು ಪಾಠ ಗಮನಿಸುವ ಕೆಲಸ ನನ್ನ ಪಾಲಿಗೆ ಬಂತು.

ಜಪಾನಿನ ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವವರನ್ನು ಕೇರ್‌ಗಿವರ್ ಅನ್ನುತ್ತಾರೆ. ಮುದುಕರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು ಅವರ ಕೆಲಸ. ಅಂಥ ಕೆಲಸಕ್ಕೆ ನಮ್ಮ ಕಡೆಯ ಹುಡುಗಿಯರನ್ನು ತಯಾರು ಮಾಡುವ ಕೇಂದ್ರ ಅದು. ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುವಾಗ ಪಾಠ ನಿಂತುಬಿಡುತ್ತಿತ್ತು. ರಾಯಬಾಗ, ಕಾಗವಾಡ, ನಿಪ್ಪಾಣಿ ಕಡೆಯಿಂದ ಬಂದ ಹುಡುಗಿಯರು ಅಲ್ಲೇ ಹಾಸ್ಟೆಲಿನಲ್ಲಿದ್ದರು. ಹೆಚ್ಚಿನವರು ನರ್ಸಿಂಗ್ ಓದಿದ್ದವರು.

ಮೊದಲ ವಾರ ನನಗೆ ಹಬ್ಬವಾಗಿತ್ತು. ಜಪಾನಿಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಕನ್ನಡದ ಹಾಗೆ. ನಾವು ‘ಮಾಡಿ ನೋಡತೇನಿ’ ಅನ್ನುವಲ್ಲಿ ಅವರೂ ‘ಮಾಡಿ’ ಮತ್ತು ‘ನೋಡು’ ಜೋಡಿಸುತ್ತಾರೆ. ‘ತಿಂದುಬಿಟ್ಟೆ’ ಅನ್ನುವುದಕ್ಕೂ ಅವರಲ್ಲಿ ಅಂಥದೇ ಜೋಡಣೆ ಇದೆ. ಇಂಗ್ಲಿಷಿನ ಮೂಲಕ ಕಲಿಯುವ ಪುಣೆಯ ನನ್ನ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಒದ್ದಾಡುವ ವಾಕ್ಯಗಳನ್ನು ಈ ಹುಡುಗಿಯರು ಕನ್ನಡದ ಅಚ್ಚಿನಲ್ಲೇ ಎರಕ ಹೊಯ್ದು ತೆಗೆಯುತ್ತಿದ್ದರು.

ಅವರಲ್ಲೆಲ್ಲ ಚುರುಕಿನವಳು ಐಗಳಿಯ ಕಸ್ತೂರಿ. ಕುರಿ ಸಾಕುವ ಮನೆಯವಳು. ಎತ್ತರದ ದನಿ, ಯಾರ ಮುಖಕ್ಕಾದರೂ ನೇರ ನೋಡುವ ಕಣ್ಣು. ಅರ್ಥವಾಗದೆ ಯಾವ ಶಬ್ದವನ್ನೂ ಒಪ್ಪುತ್ತಿರಲಿಲ್ಲ. “ಇದನ್ನ ನಮ್ಮ ಮಾತಿನ್ಯಾಗ ಏನಂತಾರ ಮೊದಲ ಹೇಳ್ರಿ” ಎಂದು ಪಟ್ಟು ಹಿಡಿಯುತ್ತಿದ್ದಳು.

ಎರಡನೆಯ ವಾರ ನಾನೊಂದು ರೋಲ್‌ಪ್ಲೇ ಮಾಡಿಸಿದೆ. ಅಂದರೆ ಒಂದು ಸಂದರ್ಭ ಕೊಟ್ಟು ಪಾತ್ರವಾಗಿ ಮಾತಾಡಿಸುವುದು. ನಾನು ವೃದ್ಧಾಶ್ರಮದ ಮೇಲ್ವಿಚಾರಕಿಯಾದೆ. “ನಿನ್ನ ಬೆನ್ನು ತುಂಬಾ ನೋಯುತ್ತಿದೆ ಅಂದುಕೋ. ನಾನು ಬಂದು ಆ ಅಜ್ಜನನ್ನು ಎತ್ತು ಅನ್ನುತ್ತೇನೆ. ಏನು ಹೇಳುತ್ತಿ?” ಎಂದು ಕೇಳಿದೆ.

ಮೊದಲ ಹುಡುಗಿ ಸೊಂಟ ಬಾಗಿಸಿ, ನಗುತ್ತ, “ಹೈ, ವಾಕಾರಿಮಾಶಿತಾ” ಅಂದಳು. ಹಾಗೆಂದರೆ ‘ಹೌದು, ತಿಳಿಯಿತು’ ಎಂದು. ಎರಡನೆಯವಳೂ ಅದನ್ನೇ ಅಂದಳು. ಮೂರನೆಯವಳು “ದಾಯ್‌ಜೋಬು ದೆಸು” ಅಂದಳು. ಅದರ ಅರ್ಥ ‘ಪರವಾಗಿಲ್ಲ, ನನಗೇನೂ ತೊಂದರೆ ಇಲ್ಲ’. ನಾನು ಸಂದರ್ಭ ಬದಲಿಸಿದೆ. ಜ್ವರ ಬಂದಿದೆ ಅಂದೆ, ರಜಾದಿನ ಕರೆದರು ಅಂದೆ, ಯಾರೋ ಕೈ ಹಿಡಿದೆಳೆದರು ಅಂದೆ. ಎಲ್ಲದಕ್ಕೂ ಅದೇ ಬಾಗುವಿಕೆ, ಅದೇ ನಗು, ಅದೇ ಎರಡು ವಾಕ್ಯ.

ಕಸ್ತೂರಿಯ ಸರದಿ ಬಂದಾಗ ಅವಳು ಬಾಗಲೂ ಇಲ್ಲ, ನಗಲೂ ಇಲ್ಲ. “ಆಗೂದಿಲ್ಲ ಅನ್ನಾಕ ನಮಗ ಶಬ್ದನ ಕಲಿಸಿಲ್ರಿ ಮೇಡಂ” ಅಂದಳು.

ಅಲ್ಲಿ ಪಾಠ ಮಾಡುತ್ತಿದ್ದವಳು ನಿಪ್ಪಾಣಿಯ ಅಶ್ವಿನಿ ಎಂಬ ಯುವತಿ. ಊಟದ ಹೊತ್ತಿನಲ್ಲಿ ಅವಳನ್ನು ಕೇಳಿದೆ. ಅವಳು ಚಪಾತಿ ಹರಿಯುವುದನ್ನು ನಿಲ್ಲಿಸಿದಳು. “ಬೇಡ ಅನ್ನೂದು, ನೋವು ಹೇಳೂದು, ರಜಾ ಕೇಳೂದು, ಆ ಪಾಠ ಎಲ್ಲಾ ತಗದಾರ್ರಿ. ಸರ್ ಹೇಳ್ಯಾರ. ನಾ ಏನ ಮಾಡ್ಲಿ?” ಅಂದಳು.

ಸರ್ ಅಂದರೆ ಸಂಚಾಲಕ ದಿಲೀಪರಾವ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದು ಮಾತು. ನನ್ನ ಪ್ರಶ್ನೆಗೆ ಅವರು ಸ್ವಲ್ಪವೂ ಅಳುಕಲಿಲ್ಲ. ತಮ್ಮ ಜಾಣತನವನ್ನು ಯಾರೋ ಗುರುತಿಸಿದರು ಎಂಬಂತೆ ಖುಷಿಯಾದರು.

“ಮೇಡಂ, ಬ್ಯಾಡ ಅನ್ನೂದ ಕಲಿಸಿದ್ರ ಅಂತಾರ್ರಿ. ಕಲಿಸದಿದ್ರ ಅನ್ನೂದೇ ಇಲ್ಲ. ಜಪಾನಿನವರಿಗೆ ಅದ ಪಸಂತ. ಎರಡು ದಿನದಾಗ ತಿರಗಿ ಮಾತಾಡೋ ಹುಡಗಿ ಯಾರಿಗೆ ಬೇಕ್ರಿ?”

ಅವರು ಮೊಬೈಲ್ ತೆಗೆದು ಒಂದು ಜಾಹೀರಾತಿನ ವಿಡಿಯೊ ತೋರಿಸಿದರು. ಹುಡುಗಿಯರು ಸಾಲಾಗಿ ಬಾಗುತ್ತಿದ್ದರು. ಕೆಳಗೆ ಅಕ್ಷರಗಳು ಓಡುತ್ತಿದ್ದವು. ಕನ್ನಡ ಮತ್ತು ಜಪಾನಿ ವ್ಯಾಕರಣ ಒಂದೇ ಎಂದು ಪುಣೆಯ ಸಂಶೋಧಕರು ಕಂಡುಕೊಂಡಿದ್ದಾರೆ, ಆದ್ದರಿಂದ ಇಲ್ಲಿಯ ಹೆಣ್ಣುಮಕ್ಕಳು ಹುಟ್ಟಿನಿಂದಲೇ ವಿಧೇಯರು, ಎಂದಿತ್ತು. ಹಿಂದಿನ ವಾರ ಅವರೊಡನೆ ಚಹಾ ಕುಡಿಯುತ್ತ ನಾನು ಸಂತೋಷದಿಂದ ಹೇಳಿದ ಮಾತು ಹೀಗೆ ತಿರುಚಿಕೊಂಡು ಪರದೆಯ ಮೇಲೆ ಕುಣಿಯುತ್ತಿತ್ತು. ಅದನ್ನು ತೆಗೆಯಲೇಬೇಕು ಎಂದು ಹೇಳಿ ಎದ್ದೆ.

ಸಂಶೋಧನೆಯ ಅಂಗವಾಗಿ ಆ ಕೇಂದ್ರದಿಂದ ಈಗಾಗಲೇ ಜಪಾನಿಗೆ ಹೋಗಿ ಬಂದವರನ್ನೂ ಕಾಣಬೇಕಿತ್ತು. ಮಂಗಸೂಳಿಯ ಸುನಂದಾ ಅಂಥವಳು. ಅವಳ ಮನೆಗೆ ಹೋದಾಗ ಮಲ್ಲಯ್ಯನ ಗುಡಿಗೆ ಬಂದ ಭಕ್ತರು ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿಕೊಂಡು ಓಣಿಯಲ್ಲಿ ಓಡಾಡುತ್ತಿದ್ದರು. ಸುನಂದಾ ಗೋಡೆಗೆ ಆನಿಸಿದ ಹಲಗೆಯ ಮೇಲೆ ನೆಟ್ಟಗೆ ಕೂತಿದ್ದಳು. ಬಗ್ಗಲು ಆಗುತ್ತಿರಲಿಲ್ಲ. ಅವಳ ತಾಯಿ ಕೊಡ ತುಂಬಿಕೊಂಡು ಬಂದು ಒಳಗಿಟ್ಟರು.

“ಅಲ್ಲಿ ಮಂದಿ ಕೆಟ್ಟವರಲ್ರಿ” ಎಂದೇ ಸುನಂದಾ ಮಾತು ಶುರು ಮಾಡಿದಳು. “ಮೊದಲನೇ ತಿಂಗಳದಾಗ ಒಬ್ಬ ಅಜ್ಜನ್ನ ಒಬ್ಬಾಕಿನ ಎತ್ತಿದೆ. ನಡಾ ಚಳಕ್ ಅಂತು. ಮೇಲಿನಾಕಿ ದಿನಾ ಕೇಳ್ತಿದ್ಲು, ನೋವೈತೇನು ಅಂತ. ನಾ ದಾಯ್‌ಜೋಬು ಅಂತಿದ್ದೆ. ನನ್ನ ಬಾಯಾಗ ಬ್ಯಾರೆ ಬರತಿದ್ದಿಲ್ಲ. ಕಡೀಕ ಮೆಟ್ಟಿಲ ಮ್ಯಾಲ ಕುಸದು ಬಿದ್ದೆ. ಆಸ್ಪತ್ರ್ಯಾಗ ಆಕಿ ನನ್ನ ಕೈ ಹಿಡದು ಅಳಕೋತ ಕೇಳಿದ್ಲು, ಯಾಕ ಹೇಳಲಿಲ್ಲ ಅಂತ.”

“ನೀನು ಏನಂದಿ?” ಎಂದೆ.

“ಹೈ ಅಂದೇರಿ.”

ಅವಳು ನಗಲು ನೋಡಿದಳು. ತಾಯಿ ಒಳಗಿಂದ ಕೇಳಿಸಿಕೊಂಡು, “ಇದನ್ನ ಕಲ್ಯಾಕ ಹೋಗಿದ್ಲು ನೋಡ್ರಿ” ಅಂದರು. ನಾನು ಕಲಿಸುವ ಭಾಷೆಯ ಬಗ್ಗೆ ಅಂಥ ಮಾತನ್ನು ನಾನು ಆವರೆಗೆ ಕೇಳಿರಲಿಲ್ಲ.

ಪುಣೆಗೆ ಬಂದು ಇದನ್ನೆಲ್ಲ ನಮ್ಮ ವಿಭಾಗದ ಮುಖ್ಯಸ್ಥರ ಮುಂದಿಟ್ಟೆ. ಅವರು ಕನ್ನಡಕ ಒರೆಸುತ್ತ ಕೇಳಿದರು. “ವಾಕ್ಯರಚನೆಯ ಭಾಗ ಸೊಗಸಾಗಿದೆ. ಅದನ್ನು ಪ್ರಕಟಿಸೋಣ. ನಿರಾಕರಣೆಯ ವಿಷಯ ಬೇರೆ, ಅದನ್ನು ಬಿಟ್ಟುಬಿಡಿ. ಆ ಕೇಂದ್ರ ಮುಂದೆಯೂ ನಮಗೆ ಬೇಕಾಗುತ್ತದೆ.” ದಿಲೀಪರಾವ್ ಪಾಠ ಕಿತ್ತುಹಾಕಿದ್ದರು, ಇವರು ನನ್ನ ವರದಿಯಿಂದ ಅದೇ ಪಾಠವನ್ನು ಕೀಳುತ್ತಿದ್ದರು. ಇವರ ಕನ್ನಡಕ ಮಾತ್ರ ಸ್ವಚ್ಛವಾಗಿತ್ತು. ಆ ಭಾಗವಿಲ್ಲದಿದ್ದರೆ ನನ್ನ ಹೆಸರೂ ಇರುವುದಿಲ್ಲ ಎಂದು ಹೇಳಿ ಅಥಣಿಗೆ ಮರಳಿದೆ. ಗಮನಿಸುವ ಅವಧಿ ಇನ್ನೂ ಉಳಿದಿತ್ತು.

ಆ ಅವಧಿಯಲ್ಲಿ ನಾನು ಬರಿ ನೋಡುತ್ತ ಕೂರಲಿಲ್ಲ. ಸಂಜೆ ಹಾಸ್ಟೆಲಿನ ಅಂಗಳದಲ್ಲಿ, ಬರುವವರು ಬರಲಿ ಎಂದು ಹೇಳಿ, ಬೇಡ ಅನ್ನುವುದನ್ನು ಕಲಿಸಿದೆ. ಜಪಾನಿಯರು ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಅನ್ನುವುದು ಕಡಿಮೆ. ‘ಅದು ಸ್ವಲ್ಪ...’ ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ನಮ್ಮವರು “ನಾಳೆ ಹೇಳ್ತೇನ್ರಿ” ಎಂದು ಜಾರಿಕೊಳ್ಳುತ್ತಾರಲ್ಲ, ಹೆಚ್ಚೂಕಡಿಮೆ ಹಾಗೆ. ಆದರೆ ಮೈಗೆ ಅಪಾಯವಿದ್ದಾಗ ಅರ್ಧಕ್ಕೆ ನಿಲ್ಲಿಸಬಾರದು, ಪೂರ್ತಿ ಹೇಳಬೇಕು ಎಂದೆ. ‘ಇತಾಯಿ ದೆಸು’ ಅಂದರೆ ನೋಯುತ್ತಿದೆ. ‘ಮುರಿ ದೆಸು’ ಅಂದರೆ ನನ್ನಿಂದ ನೀಗುವುದಿಲ್ಲ.

“ಮುರಿ ಅಂದ್ರ ನಡಾ ಮುರೀತೈತಿ ಅಂತ ನೆನಪ ಇಡತೇನ್ರಿ” ಅಂದಳು ಕಸ್ತೂರಿ. ಎಲ್ಲರೂ ನಕ್ಕರು. ಮರುದಿನ ಬಂದವರು ಕಡಿಮೆ. ಸರ್‌ಗೆ ಗೊತ್ತಾದರೆ ಸಂದರ್ಶನಕ್ಕೆ ಕೂರಿಸುವುದಿಲ್ಲ ಎಂಬ ಹೆದರಿಕೆ. ಕೊನೆಗೆ ಉಳಿದವಳು ಕಸ್ತೂರಿ ಒಬ್ಬಳೇ.

ಸಂದರ್ಶನ ವಿಡಿಯೊ ಮೂಲಕ ನಡೆಯಿತು. ಪರದೆಯ ಮೇಲೆ ಜಪಾನಿನ ಒಂದು ವೃದ್ಧಾಶ್ರಮದ ಮೇಲ್ವಿಚಾರಕಿ, ನಡುವಯಸ್ಸಿನ ಹೆಂಗಸು. ಈ ಕಡೆ ನಾಲ್ವರು ಹುಡುಗಿಯರು, ಅನುವಾದಕ್ಕೆ ಅಶ್ವಿನಿ, ಮೂಲೆಯಲ್ಲಿ ದಿಲೀಪರಾವ್ ಮತ್ತು ನಾನು. ಮೊದಲು ಕೂತವಳು ಕಸ್ತೂರಿ. ಹೆಸರು, ಊರು, ಮನೆಯ ಕಸುಬು ಆದ ಮೇಲೆ ಆ ಹೆಂಗಸು ಕೇಳಿದಳು: ನಡೆಯಲಾಗದ ಒಬ್ಬ ಭಾರದ ಮನುಷ್ಯನನ್ನು ಹಾಸಿಗೆಯಿಂದ ಕುರ್ಚಿಗೆ ನೀವೊಬ್ಬರೇ ಎತ್ತಿ ಕೂರಿಸಬಲ್ಲಿರಾ?

ಕಸ್ತೂರಿ ಅಶ್ವಿನಿಯ ಅನುವಾದಕ್ಕೆ ಕಾಯಲಿಲ್ಲ. “ಹಿತೋರಿ ದೇವಾ ಮುರಿ ದೆಸು. ಫುತಾರಿ ನಾರಾ ದೆಕಿಮಾಸು” ಅಂದಳು. ಒಬ್ಬಳಿಗೆ ನೀಗುವುದಿಲ್ಲ, ಇಬ್ಬರಾದರೆ ಆಗುತ್ತದೆ.

ನನ್ನ ಪಕ್ಕದಲ್ಲಿ ದಿಲೀಪರಾವ್ ಹಲ್ಲು ಕಡಿದದ್ದು ಕೇಳಿಸಿತು. ಪರದೆಯ ಮೇಲಿನ ಹೆಂಗಸು ತಲೆಯಾಡಿಸಿ ಏನೋ ಬರೆದುಕೊಂಡಳು. ಅವಳ ಮುಖ ಸಡಿಲಾಗಿತ್ತು. ಉಳಿದ ಮೂವರಿಗೂ ಅದೇ ಪ್ರಶ್ನೆ ಹಾಕಿದಳು. ಇಬ್ಬರು ಬಾಗಿ, ನಕ್ಕು, “ಹೈ, ದೆಕಿಮಾಸು” ಅಂದರು. ಹೌದು, ಆಗುತ್ತದೆ. ಕೊನೆಯವಳು ಹಾಗಂದಾಗ ಆ ಹೆಂಗಸು ಪೆನ್ನು ಕೆಳಗಿಟ್ಟು ನಿಧಾನವಾಗಿ ಮತ್ತೊಂದು ಕೇಳಿದಳು: ಆ ಮನುಷ್ಯ ಇನ್ನೂರು ಕಿಲೊ ಇದ್ದರೆ?

“ಹೈ, ದೆಕಿಮಾಸು.”

“ಮಂಚದ ಸಮೇತ?”

“ಹೈ, ದೆಕಿಮಾಸು.” ಹುಡುಗಿಯ ನಗು ಒಂದಿಷ್ಟೂ ಅಲುಗಲಿಲ್ಲ. ಅಶ್ವಿನಿ ಅನುವಾದಿಸುವ ಮೊದಲೇ ಉತ್ತರಿಸಿದ್ದಳು, ಕೇಳಿದ್ದೇನು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಶ್ವಿನಿ ತಲೆ ತಗ್ಗಿಸಿದಳು. ಪರದೆಯಲ್ಲಿದ್ದ ಹೆಂಗಸಿನ ಮುಖದಲ್ಲಿ ಮೂಡಿದ್ದು ಸಿಟ್ಟಲ್ಲ, ಕನಿಕರ. ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೇಳಿ ಸಂಪರ್ಕ ಕಡಿದಳು.

ಉತ್ತರ ಬಂತು. ಕಸ್ತೂರಿಯೊಬ್ಬಳ ಆಯ್ಕೆಯಾಗಿತ್ತು, ಉಳಿದವರು ಭಾಷೆ ಕಲಿತು ಮತ್ತೆ ಬರಲಿ ಎಂದಿದ್ದರು. ದಿಲೀಪರಾವ್ ಅದನ್ನು ಯಾರಿಗೂ ಹೇಳಲಿಲ್ಲ. ನಾಲ್ವರೂ ತಿರಸ್ಕೃತರಾದರು, ಅದಕ್ಕೆ ಕಸ್ತೂರಿಯ ಉದ್ಧಟತನವೇ ಕಾರಣ, ಎಂದು ಹುಡುಗಿಯರ ಮನೆಯವರನ್ನು ಕರೆಸಿ ಹೇಳಿದರು. ಅಂಗಳದಲ್ಲಿ ರಾಯಬಾಗದಿಂದ ಬಂದ ಒಬ್ಬ ತಂದೆ ಕಸ್ತೂರಿಗೆ ಬಾಯಿಗೆ ಬಂದದ್ದು ಬೈದ. “ನಮ್ಮ ಹುಡಗೀದೂ ಹಾಳ ಮಾಡಿದಿ” ಅಂದ. ನಿನ್ನೆಯವರೆಗೆ ಅವಳ ಜೊತೆ ಒಂದೇ ತಾಟಿನಲ್ಲಿ ಉಂಡ ಹುಡುಗಿಯರು ಬೇರೆ ಕಡೆ ಮುಖ ಮಾಡಿ ನಿಂತರು. ಕಸ್ತೂರಿ ಅಳಲಿಲ್ಲ. ಚೀಲ ತುಂಬಿಕೊಂಡು ಐಗಳಿಯ ಬಸ್ಸು ಹತ್ತಿದಳು.

ನಿಜ ಹೊರಬಿದ್ದದ್ದು ಅಶ್ವಿನಿಯಿಂದ. ಜಪಾನಿನ ಉತ್ತರವನ್ನು ದಿಲೀಪರಾವ್ ಅವರಿಗೆ ಓದಿ ಹೇಳಿದವಳು ಅವಳೇ. ಎರಡು ದಿನ ಒಳಗೇ ಇಟ್ಟುಕೊಂಡು, ಮೂರನೆಯ ದಿನ ನನಗೆ ಫೋನ್ ಮಾಡಿದಳು. “ನನಗ ಊಟ ಇಳೀವಲ್ದರಿ” ಅಂದಳು. ನಾನು ಆ ವೃದ್ಧಾಶ್ರಮಕ್ಕೆ ನೇರವಾಗಿ ಬರೆದು ನಡೆದದ್ದನ್ನೆಲ್ಲ ತಿಳಿಸಿದೆ. ಅವರು ಆ ಕೇಂದ್ರದ ನಂಟು ಬಿಟ್ಟು, ಬೇರೆ ಸಂಸ್ಥೆಯ ಮೂಲಕ ಕಸ್ತೂರಿಯನ್ನು ಕರೆಸಿಕೊಂಡರು. ಅಶ್ವಿನಿ ಕೆಲಸ ಬಿಟ್ಟಳು.

ಜಪಾನಿಗೆ ಹೋದ ಮೊದಲ ತಿಂಗಳು ಕಸ್ತೂರಿ ಫೋನ್ ಮಾಡಿದ್ದಳು. “ಮೇಡಂ, ಇವತ್ತ ಖರೇನ ಅಂದೆ, ಮುರಿ ದೆಸು ಅಂತ. ಯಾರೂ ಸಿಟ್ಟಾಗಲಿಲ್ರಿ. ಇನ್ನೊಬ್ಬಾಕಿ ಬಂದು ಕೈ ಹಚ್ಚಿದ್ಲು, ಅಷ್ಟ.” ಅಷ್ಟೇ ಆಗಿತ್ತು. ಅಷ್ಟನ್ನು ಹೇಳಲಾಗದೆ ಸುನಂದಾಳ ಬೆನ್ನು ಹೋಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಸಮಾಧಾನವಿತ್ತು. ಮರುವರ್ಷ ಅಥಣಿಯಲ್ಲಿ ಒಂದು ಮದುವೆಗೆ ಹೋದಾಗ ಆ ಚಪ್ಪಲಿ ಅಂಗಡಿಯ ಮುಂದೆ ಹಾದುಹೋದೆ. ಮೇಲಿನ ಕಿಟಕಿ ತೆರೆದಿತ್ತು. ಹೊಸ ಹುಡುಗಿಯರು ಒಕ್ಕೊರಲಿನಿಂದ ಕೂಗುತ್ತಿದ್ದರು: “ಹಿತೋರಿ ದೇವಾ ಮುರಿ ದೆಸು. ಫುತಾರಿ ನಾರಾ ದೆಕಿಮಾಸು.” ನಾನು ನಿಂತುಬಿಟ್ಟೆ. ಪಾಠ ಮುಗಿಸಿ ಇಳಿದು ಬಂದ ಒಬ್ಬ ಹುಡುಗಿಯನ್ನು ತಡೆದು, ಆ ಮಾತಿನ ಅರ್ಥ ಏನಮ್ಮ ಎಂದು ಕೇಳಿದೆ.

ಅವಳು ಚಪ್ಪಲಿ ಮೆಟ್ಟುತ್ತ, “ಅರ್ಥ ಗೊತ್ತಿಲ್ರಿ. ಎತ್ತೂ ಪ್ರಶ್ನೆ ಬಂದ್ರ ಇದನ್ನ ಹೇಳಬೇಕ್ರಿ, ನಕ್ಕೊಂತ. ಸೆಲೆಕ್ಟ್ ಆಗ್ತೈತಂತ ಸರ್ ಹೇಳ್ಯಾರ” ಅಂದಳು.

“ನೋವಾದರೆ ಏನಂತಿ?”

“ದಾಯ್‌ಜೋಬು ದೆಸು” ಅಂದಳು, ಬಾಗಿ.

ದಿಲೀಪರಾವ್ ಕಸ್ತೂರಿಯ ಮಾತನ್ನೂ ಬಿಟ್ಟಿರಲಿಲ್ಲ. ಅದನ್ನೂ ಸುಲಿದು, ಒಣಗಿಸಿ, ಇನ್ನೊಂದು ವಿಧೇಯತೆ ಮಾಡಿ ಮಾರುತ್ತಿದ್ದರು. ಅಷ್ಟು ಹೇಸಿಗೆ ನನಗೆ ಮೊದಲ ಸಲ ಆ ಪಾಠಗಳು ಇಲ್ಲ ಎಂದು ತಿಳಿದಾಗಲೂ ಆಗಿರಲಿಲ್ಲ. ಆ ಹುಡುಗಿಗೆ ಊರಿಗೆ ಹೋಗುವ ಬಸ್ಸಿಗೆ ಹೊತ್ತಾಗುತ್ತಿತ್ತು. ಅವಳನ್ನು ಪಕ್ಕಕ್ಕೆ ಕರೆದು, ‘ಇತಾಯಿ’ ಎಂಬ ಒಂದು ಶಬ್ದವನ್ನು ಅರ್ಥಸಮೇತ ಹೇಳಿಕೊಟ್ಟೆ. ಅವಳು ಎರಡು ಸಲ ಅಂದು ನೋಡಿ, ಬಸ್ಸಿಗೆ ಓಡಿದಳು.

ಭಾಷೆ ಬಂತೋ ಇಲ್ಲವೋ ಎಂದು ಅಳೆಯಲು ನಮ್ಮ ಶಾಸ್ತ್ರದಲ್ಲಿ ಅನೇಕ ಪರೀಕ್ಷೆಗಳಿವೆ. ನಾನೂ ಕೆಲವನ್ನು ತಯಾರಿಸಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಅವುಗಳಲ್ಲಿ ಇಲ್ಲ. ಸರಿಯಾದ ವಾಕ್ಯವನ್ನು ಯಾರ ಬಾಯಿಗೆ ಬೇಕಾದರೂ ತುರುಕಬಹುದು, ‘ಇಲ್ಲ’ವನ್ನೂ ತುರುಕಬಹುದು. ಕಲಿತವಳು ತನಗೆ ಬೇಕಾದಾಗ, ಕಲಿಸಿದವನ ಮುಖಕ್ಕೇ ಅದನ್ನು ಹೇಳಬಲ್ಲಳೇ ಎಂದು ನಾನೀಗ ನೋಡುತ್ತೇನೆ. ನನ್ನ ಯಾವ ತರಗತಿಯಲ್ಲೂ ಮೊದಲ ದಿನ ನಮಸ್ಕಾರ ಕಲಿಸುವುದಿಲ್ಲ. ಬೇಡ ಅನ್ನುವುದನ್ನು ಕಲಿಸುತ್ತೇನೆ, ಮೊದಲು ನನ್ನ ಮುಖಕ್ಕೇ ಅದನ್ನು ಹೇಳಿಸುತ್ತೇನೆ.