ರಾಜೇಸಾಬರ ತುಟಿಮಾತು

ರಾಜೇಸಾಬರು ದನಿ ತೆಗೆಯದೆ ಮಾತಾಡುತ್ತಿದ್ದರು. ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ನಿಂತು, ರಸ್ತೆಯಾಚೆಗಿನ ಚಹಾದಂಗಡಿಯವನಿಗೆ ಬರೀ ತುಟಿ ಆಡಿಸಿ ಎರಡು ಚಹಾ, ಒಂದಕ್ಕೆ ಸಕ್ಕರೆ ಬೇಡ ಎಂದು ತಿಳಿಸುತ್ತಿದ್ದರು. ನಡುವೆ ರೋಣದ ಬಸ್ಸು ಅಡ್ಡ ಬಂದರೆ ಅದು ದಾಟುವವರೆಗೆ ನಿಲ್ಲಿಸಿ, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು. ಅಂಗಡಿಯವನೂ ಮೊದಲು ನೇಕಾರನಾಗಿದ್ದವ, ಅವನಿಗೆ ಎಲ್ಲ ತಿಳಿಯುತ್ತಿತ್ತು.

ಇದರಲ್ಲಿ ಪವಾಡವೇನೂ ಇಲ್ಲ. ಪವರ್‌ಲೂಮ್ ಶೆಡ್ಡಿನಲ್ಲಿ ಹನ್ನೆರಡು ಲಾಳಿಮಗ್ಗಗಳು ಒಟ್ಟಿಗೆ ಬಡಿಯುವಾಗ ಎಷ್ಟು ಕೂಗಿದರೂ ಪಕ್ಕದವರಿಗೆ ಕೇಳುವುದಿಲ್ಲ. ಅಲ್ಲಿ ದುಡಿಯುವವರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತು ತಿಳಿಯುತ್ತಾರೆ. ಮಾವನವರ ನಂತರ ಶೆಡ್ಡು ನನ್ನ ಕೈಗೆ ಬಂದಾಗ ನಾನು ಮೊದಲು ಕಲಿತದ್ದೂ ಅದನ್ನೇ. ಆದರೆ ಉಳಿದವರು ಹೊರಗೆ ಕಾಲಿಟ್ಟ ಕೂಡಲೇ ದನಿ ತೆಗೆಯುತ್ತಿದ್ದರು, ರಾಜೇಸಾಬರು ಮಾತ್ರ ಅದೇ ರೂಢಿಯಲ್ಲಿ ಉಳಿದುಬಿಟ್ಟಿದ್ದರು. ಬೆಳವಣಕಿಯ ಒಂದು ಮದುವೆಯಲ್ಲಿ, ಪಂಕ್ತಿಯ ಈ ತುದಿಯಲ್ಲಿ ಕೂತು, ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆಯೆಂದು ಆ ತುದಿಯಲ್ಲಿದ್ದ ನಮ್ಮ ನೇಕಾರರಿಗೆ ತುಟಿಯಲ್ಲೇ ವರದಿ ಒಪ್ಪಿಸಿದರು. ನಮ್ಮವರೆಲ್ಲ ಒಮ್ಮೆಗೇ ಪಲ್ಯವನ್ನು ಬದಿಗೆ ಸರಿಸಿದರು. ಗಂಡಿನ ಕಡೆಯ ಹಿರಿಯರೊಬ್ಬರು ಗಾಬರಿಯಾಗಿ, ಈ ಮನುಷ್ಯ ಮಂತ್ರಗಿಂತ್ರ ಹಾಕುತ್ತಾನೆಯೇ ಎಂದು ನನ್ನನ್ನು ಕೇಳಿದರು.

ರಾಜೇಸಾಬರು ನಮ್ಮ ಶೆಡ್ಡಿನ ಜಾಬರ್, ಅಂದರೆ ಮಗ್ಗ ಕೆಟ್ಟರೆ ರಿಪೇರಿ ಮಾಡುವವರು. ಎತ್ತರದ ಆಳು, ಕಾಲರಿನೊಳಗೆ ಮಡಿಸಿಟ್ಟ ಕರವಸ್ತ್ರ, ಜೇಬಿನಲ್ಲಿ ಸದಾ ನಟ್ಟು ತಿರುಗಿಸುವ ಒಂದು ಪಾನಾ. ಕೆಟ್ಟ ಮಗ್ಗದ ಚೌಕಟ್ಟಿಗೆ ಅಂಗೈ ಊರಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ದೋಷವಿದ್ದ ಕಡೆಗೆ ಪಾನಾ ಹೋಗುತ್ತಿತ್ತು. ತಪ್ಪಿದ್ದೂ ಉಂಟು. ಆಗ ಬೈಗುಳ ಮಗ್ಗಕ್ಕೆ ಬೀಳುತ್ತಿತ್ತು. ಫೋನು ಇಟ್ಟುಕೊಂಡಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಆಮೇಲೆ ಯಾಕೆಂದು ಕೇಳಿದರೆ, “ಎದುರಿಗೆ ಬಂದ ಹೇಳ್ರಿ. ಬೆನ್ನ ಹಿಂದಿನ ಮಾತಿಗೆ ನಾ ಓ ಅನ್ನಾಂವ ಅಲ್ಲ” ಎನ್ನುವರು. ನಾವು ಇದನ್ನು ಸ್ವಾಭಿಮಾನವೆಂದು ತಿಳಿದು, ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೆಚ್ಚಿ ಹೇಳುತ್ತಿದ್ದೆವು.

ಬರಬರುತ್ತ ಲಾಳಿಮಗ್ಗಕ್ಕೆ ಜನ ಸಿಗುವುದು ನಿಂತಿತು. ಬಂದವರು ವಾರ ಕಳೆಯುವುದರೊಳಗೆ ಕಿವಿ ಗುಂಯ್‌ಗುಡುತ್ತದೆಂದು ಹೇಳಿ ಮೊಬೈಲ್ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದರು. ಅವರದೇನೂ ತಪ್ಪಿಲ್ಲ. ಸೀರೆಗೆ ಗಿರಾಕಿ ಇತ್ತು, ನೇಯುವವರಿರಲಿಲ್ಲ. ಕಡೆಗೆ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ ಲಾಳಿಯಿಲ್ಲದ ನಾಲ್ಕು ಹೊಸ ಮಗ್ಗ ತರಿಸಿದೆ. ಎಳೆ ಹರಿದರೆ ಇವು ತಾವೇ ನಿಲ್ಲುತ್ತವೆ, ಮೇಲೆ ದೀಪ ಹೊತ್ತುತ್ತದೆ. ಸದ್ದಿಲ್ಲವೆಂದಲ್ಲ, ಆದರೆ ಸ್ವಲ್ಪ ದನಿ ಏರಿಸಿದರೆ ಪಕ್ಕದವರಿಗೆ ಮಾತು ಕೇಳುತ್ತದೆ. ಲಾಳಿಮಗ್ಗದ ಕಾಲದಿಂದಲೂ ಮುಶಿಗೇರಿಯಿಂದ ಬಸ್ಸಿನಲ್ಲಿ ಬಂದು ನೇಯುವ ಗಿರಿಜಾ ಹೊಸ ಮಗ್ಗದ ಮೊದಲ ದಿನ ಎಂದಿನಂತೆ ಹಾಡು ಗುನುಗಿ, ಅದು ಎಲ್ಲರಿಗೂ ಕೇಳಿಸಿತೆಂದು ನಾಚಿಕೊಂಡಳು. ಎಲ್ಲರೂ ಬಾಯಿಬಿಟ್ಟು ಮಾತಾಡತೊಡಗಿದರು. ರಾಜೇಸಾಬರೊಬ್ಬರೇ ಆ ಮುಖದಿಂದ ಈ ಮುಖಕ್ಕೆ ಕಣ್ಣು ಹಾಯಿಸುತ್ತ ನಿಂತಿರುತ್ತಿದ್ದರು.

ಹೊಸ ಮಗ್ಗಕ್ಕೂ ಅಂಗೈ ಊರಿ ನೋಡಿದರು. “ಇದು ಎಲ್ಲಾ ಕಡೆ ಒಂದ ಸಮ ನಡಗತೈತ್ರಿ ಅಕ್ಕಾರ. ಏನೂ ಹೇಳವಲ್ದು” ಎಂದರು.

ಮಗ್ಗ ಮಾರಿದ ಕಂಪನಿಯಿಂದ ಒಬ್ಬ ತರುಣ ಕಲಿಸಲು ಬಂದಿದ್ದ. ಅವನು ಮಗ್ಗದ ಮೇಲೆ ಬಾಗಿ, ನಮಗೆ ಬೆನ್ನು ಮಾಡಿ ವಿವರಿಸುತ್ತಿದ್ದ. ರಾಜೇಸಾಬರು ತಲೆ ಆಡಿಸುತ್ತಿದ್ದರು. ಹೊರಡುವಾಗ ಅವನು, ಏನಾದರೂ ಕೆಟ್ಟರೆ ನಿಮ್ಮ ಜಾಬರೇ ಫೋನಿನಲ್ಲಿ ಮಾತಾಡಲಿ, ಇವರಿಗೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಹೋದ.

ಒಂದು ತಿಂಗಳೊಳಗೆ ನಾಲ್ಕನೇ ಮಗ್ಗ ನಿಂತಿತು. ನಾನು ಕಂಪನಿಗೆ ಫೋನು ಹಚ್ಚಿ ರಾಜೇಸಾಬರ ಕೈಗೆ ಕೊಟ್ಟೆ. ಆ ತರುಣನ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಹೊತ್ತಿದ ದೀಪ ಕೆಂಪೋ ಹಳದಿಯೋ ಎಂದು ಕೇಳಿದ.

“ಹೌದ್ರಿ” ಎಂದರು ರಾಜೇಸಾಬರು.

ಅವನು ಮತ್ತೆ ಅದನ್ನೇ ಕೇಳಿದ. ಇವರು ಮತ್ತೆ ಹೌದ್ರಿ ಎಂದರು. ಮೊದಲು ನನಗೆ ಇದು ತಮಾಷೆಯೆನಿಸಿತು. ಆಮೇಲೆ ಅವರ ಹಣೆಯ ಮೇಲಿನ ಬೆವರು ಕಂಡಿತು. ಅಷ್ಟರಲ್ಲಿ ಗಿರಿಜಾ ಬಂದು, ಅವರ ಕೈಯಿಂದ ಫೋನು ತೆಗೆದುಕೊಂಡು ಕಿವಿಗಿಟ್ಟು, ಎದುರಿಗೆ ನಿಂತು, ಆ ಕಡೆಯ ಮಾತನ್ನು ದನಿಯಿಲ್ಲದೆ ತುಟಿಯಲ್ಲಿ ಹೇಳತೊಡಗಿದಳು. ರಾಜೇಸಾಬರು ಅವಳ ಮುಖ ನೋಡಿ, ಹಳದಿ ಎಂದರು. ಅವಳು ಫೋನಿಗೆ ಹಳದಿ ಎಂದಳು. ಹೀಗೇ ಮುಂದುವರಿದು ಕೊನೆಗೆ ಮಗ್ಗ ಶುರುವಾಯಿತು.

ಅವತ್ತು ಸಂಜೆ ಅವರು ನನ್ನ ಮುಂದೆ ಬಂದು ನಿಂತು, ದನಿ ತೆಗೆದೇ ಮಾತಾಡಿದರು. “ಕಿವಿ ಹೋಗಿ ಭಾಳ ವರ್ಷ ಆತ್ರಿ ಅಕ್ಕಾರ. ಆ ಗದ್ದಲದಾಗ ನಾನೂ ಎಲ್ಲಾರಂಗ ಇದ್ದೆ. ಈಗ ಶೆಡ್ ಸುಮ್ಮನಾತು, ನಾ ಒಬ್ಬಾಂವ ಕಿವುಡ ಆದೆ. ಕೆಲಸಾ ಬಿಡಸ್ತೀರೇನ್ರಿ?”

ಬಿಡಿಸುವುದಿಲ್ಲ, ಫೋನು ಗಿರಿಜಾ ಹಿಡಿಯಲಿ, ಪಾನಾ ನೀವು ಹಿಡಿಯಿರಿ ಎಂದೆ. ಇದು ನನ್ನ ದೊಡ್ಡತನವಲ್ಲ. ಬೇರೆ ಜಾಬರ್ ಸಿಗುವಂತಿರಲಿಲ್ಲ, ಇವರ ಕೈಯಲ್ಲಿ ಮಗ್ಗ ಶುರುವಾಗಿತ್ತು. ಆದರೂ ಅವರು ಕೇಳಿದ ರೀತಿಗೆ ನನಗೆ ಸಂಕಟವಾಯಿತು. ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಹೊರಗಿನವರಿಗೆ ಮಾತ್ರ ತಿಳಿಯಬಾರದೆಂದು ಕೇಳಿಕೊಂಡರು. ತಿಳಿಯಲೂ ಇಲ್ಲ. ಮುಂದೆ ಮಗ್ಗ ನಿಂತಾಗೆಲ್ಲ ಅವರಿಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಗಿರಿಜಾ ನಿಧಾನವಾಗಿ, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳುತ್ತಿದ್ದಳು, ಅವರು ಅದರಂತೆ ಕೈ ಆಡಿಸುತ್ತಿದ್ದರು. ನೋಡುತ್ತ ನೋಡುತ್ತ ಅವಳಿಗೂ ಕೆಲಸ ಕೈಹತ್ತಿತು.

ಹೋದ ವರ್ಷ ಅವರನ್ನು ದವಾಖಾನೆಗೆ ಸೇರಿಸಿದರು. ನಾನು ಹೋದಾಗ ಒಳಗೆ ಬಿಡಲಿಲ್ಲ. ಬಾಗಿಲಿನ ಗಾಜಿನಾಚೆ ಮಲಗಿದ್ದವರು ನನ್ನನ್ನು ಕಂಡು, ನಾಲ್ಕನೇ ಮಗ್ಗ ನಡೆದಿದೆಯೇ ಎಂದು ಕೇಳಿದರು. ನಡೆದಿದೆ ಎಂದೆ. ಇಬ್ಬರ ದನಿಯೂ ಹೊರಡಲಿಲ್ಲ. ಅದೇ ಕೊನೆಯ ಮಾತು.

ಈಗ ಗಿರಿಜಾಳೇ ನಮ್ಮ ಜಾಬರ್. ಮೊನ್ನೆ ನಾಲ್ಕನೇ ಮಗ್ಗ ಮತ್ತೆ ನಿಂತಿತು. ಅವಳು ಫೋನನ್ನು ಕಿವಿಗೆ ಹಿಡಿದು, ರಾಜೇಸಾಬರು ನಿಲ್ಲುತ್ತಿದ್ದ ಕಡೆಗೆ ಮುಖ ಮಾಡಿ, ಕೇಳಿದ್ದನ್ನೆಲ್ಲ ಒಂದೊಂದಾಗಿ ತುಟಿಯಲ್ಲಿ ಹೇಳಿದಳು. ಆಮೇಲೆ ಆ ಕಡೆ ತಾನೇ ಹೋಗಿ ಪಾನಾ ಹಿಡಿದಳು. ಮಗ್ಗ ಶುರುವಾದ ಮೇಲೆ, ಅದೇನು ಹಾಗೆ ಎಂದು ಕೇಳಿದೆ.

“ಕಾಕಾಗ ತಿಳಿಯೂ ಹಂಗ ಹೇಳಿದ್ರನ ನನಗೂ ತಿಳೀತೈತ್ರಿ ಅಕ್ಕಾರ” ಎಂದಳು.