ಮಾವನ ಹೆಸರೆತ್ತದ ಸೊಸೆಯ ತೊಟ್ಟಿಲು

ಉಜ್ಗೆನ್ ಊರಿನ ಮಸೀದಿಯಲ್ಲಿ ಬೆಳಗಿನ ಬಾಂಗು ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಬುರುಲ್ ಅಂಗಳ ಗುಡಿಸಿ, ಚಹಾಕ್ಕೆ ನೀರಿಟ್ಟು, ಮನೆಯ ಹಿಂದಿನ ತಗಡು ಮಾಡಿನ ಕಾರ್ಯಾಗಾರ ಹೊಕ್ಕಾಗಿದೆ. ಕೈಯಲ್ಲಿ ಕೀಸುಳಿ, ಮುಂದೆ ಜರ್ದಾಳು ಮರದ ತುಂಡು. ನಿನ್ನೆ ಜೋಡಿಸಿದ ತೊಟ್ಟಿಲು ಪಕ್ಕದಲ್ಲೇ ಕಾಯುತ್ತಿದೆ. ಅದನ್ನು ತೂಗಿ ನೋಡಬೇಕು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು, ಅತ್ತೆಯ ಕಿವಿಗೆ ಬಿದ್ದರೆ ಸೊಸೆಗೂ ಕೇಡು. ಅದಕ್ಕೇ ಐದು ಕಿಲೋ ಕೆಂಪಕ್ಕಿಯ ಚೀಲವನ್ನು ಮಗುವಿನಂತೆ ಮಲಗಿಸಿ, ಬಟ್ಟೆಪಟ್ಟಿ ಕಟ್ಟಿ ತೂಗುತ್ತಾಳೆ.

"ಈ ಕೂಸು ಅಳಲ್ಲ ಎಜೆ. ಕೀಲೇನಾದ್ರೂ ಕಿರುಗುಟ್ಟಿದ್ರೆ ಮಾತ್ರ ನಾನು ಅಳ್ತೀನಿ" ಎನ್ನುತ್ತಾಳೆ. ನಾನು ಅವಳ ಬಗ್ಗೆ ಪತ್ರಿಕೆಗೆ ಬರೆಯಲು ಬಂದವಳು. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವಳಾದ್ದರಿಂದ ಅವಳಿಗೆ ಎಜೆ, ಅಂದರೆ ಅಕ್ಕ. ಕೀಲು ಕಿರುಗುಟ್ಟುವುದಿಲ್ಲ. ನಲವತ್ತೊಂದು ಬಿಡಿ ತುಂಡುಗಳ ಆ ತೊಟ್ಟಿಲಲ್ಲಿ ಒಂದೇ ಒಂದು ಮೊಳೆಯಿಲ್ಲ.

ಬುರುಲ್‌ಗೆ ಮೂವತ್ತನಾಲ್ಕು. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಸುತ್ತಿಗೆ ಹಿಡಿಯಲೂ ಬರುತ್ತಿರಲಿಲ್ಲ. ಮಾವ ತಾಷ್ತೆಮಿರ್ ಕಣಿವೆಗೆಲ್ಲ ಹೆಸರಾದ ಬಡಗಿ. ಐದು ವರ್ಷದ ಹಿಂದೆ ಅವರ ಕೈ ನಡುಗಲು ಶುರುವಾಯಿತು. ಮಗ ಓಶ್ ನಗರದ ದಾರಿಯಲ್ಲಿ ವ್ಯಾನು ಓಡಿಸುವವನು, ಅವನಿಗೆ ಮರ ಒಲಿಯಲಿಲ್ಲ. ಒಂದು ದಿನ ಅರ್ಧಕ್ಕೆ ನಿಂತಿದ್ದ ತೊಟ್ಟಿಲಿನ ಕಾಲನ್ನು ಸೊಸೆ ಸದ್ದಿಲ್ಲದೆ ಕಡೆದು ಮುಗಿಸಿದಳು. ಮಾವ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೊಂದು ಮಾಡು" ಎಂದರಂತೆ. ಅಲ್ಲಿಂದ ಇಲ್ಲಿಯವರೆಗೆ ತೊಟ್ಟಿಲು, ಸಂದೂಕ, ಗಿಡ್ಡ ಮೇಜು ಎಲ್ಲ ಅವಳದೇ ಕೈ. ಒಂದು ತೊಟ್ಟಿಲಿಗೆ ಹನ್ನೊಂದು ದಿನ, ಬಣ್ಣದ ಏಳು ಲೇಪ. ಕೊಳ್ಳಲು ಬಂದವರು ಮಾತ್ರ ಮಾವನ ಕೈ ಕುಲುಕಿ ಹೊಗಳಿ ಹೋಗುತ್ತಾರೆ, ಅವಳು ಅವರಿಗೆಲ್ಲ ಚಹಾ ಕೊಡುತ್ತಾಳೆ. ನನಗೆ ಮೈ ಉರಿಯುತ್ತದೆ. ಅವಳಿಗೆ ಉರಿಯುವುದಿಲ್ಲವಂತೆ, ನಾನು ನಂಬುವುದಿಲ್ಲ.

ಬಜಾರಿಗೆ ಪ್ಲಾಸ್ಟಿಕ್ ತೊಟ್ಟಿಲು ಬಂದಮೇಲೆ ಹೊಗಳುವವರೂ ಕಡಿಮೆಯಾದರು. ಕಳೆದ ಚಳಿಗಾಲದ ಮೊದಲ ಹಿಮ ಬಿದ್ದ ದಿನ ತಾಷ್ತೆಮಿರ್ ಊಟದ ಹಾಸಿನ ಮುಂದೆ ತೀರ್ಪು ಕೊಟ್ಟರು: ವಸಂತದ ನೂರುಜ್ ಹಬ್ಬದೊಳಗೆ ಹತ್ತು ಹೊಸ ಮನೆಗಳು ತೊಟ್ಟಿಲು ಕೇಳಿದರೆ ಸರಿ, ಇಲ್ಲದಿದ್ದರೆ ಕಾರ್ಯಾಗಾರ ತಮ್ಮ ಅಣ್ಣನ ಮಗನಿಗೆ. ಅವನು ಅಲ್ಲಿ ಕಾರು ತೊಳೆಯುವ ಅಂಗಡಿ ಇಡುವವನು. ನೀರಿನ ಕೊಳವೆ ತಂದು ಅಳತೆಯನ್ನೂ ನೋಡಿ ಹೋಗಿದ್ದ.

ಬುರುಲ್ ಗಂಡನ ಹತ್ತಿರ ಹಟ ಹಿಡಿದು ಒಂದು ವೆಬ್‌ಸೈಟ್ ಮಾಡಿಸಿದಳು. ಗಂಡ ಅದಕ್ಕೆ ಅಪ್ಪನ ಹೆಸರನ್ನೇ ಇಟ್ಟ. ಚಿತ್ರ ಹಾಕಿದ್ದಾಯಿತು, ಅಳತೆ ಬರೆದದ್ದಾಯಿತು, ಯಾರೂ ಅತ್ತ ಸುಳಿಯಲಿಲ್ಲ. ನಮ್ಮ ಹೆಂಗಸರೆಲ್ಲ ಇರುವುದು ಅಂತರ್ಜಾಲದ ಒಂದು ಹರಟೆಕಟ್ಟೆಯಲ್ಲಿ. ಅದನ್ನು ಇಲ್ಲಿ 'ಒಲೆಬದಿ' ಎನ್ನೋಣ. ನಲವತ್ತು ಸಾವಿರ ಹೆಂಗಸರು, ಅರ್ಧಕ್ಕರ್ಧ ಬಸುರಿ ಬಾಣಂತಿಯರು. ತೊಟ್ಟಿಲು ಮಾಡುವವಳಿಗೆ ಇದಕ್ಕಿಂತ ಬೇರೆ ಸಂತೆ ಬೇಕೆ?

ಆದರೆ ಒಲೆಬದಿಗೆ ಒಂದು ಜರಡಿಯಿದೆ. ಹಿಂದೊಮ್ಮೆ ಜೂಜಿನವರು ನುಗ್ಗಿ ಹಾವಳಿ ಮಾಡಿದ್ದರಿಂದ ಅದರ ಮೇಲ್ವಿಚಾರಕ ಎರ್ಮೆಕ್, ಬಿಶ್ಕೆಕ್‌ನ ಹುಡುಗ, ಕೂರಿಸಿದ್ದು. ಪಟ್ಟಿಯಲ್ಲಿಲ್ಲದ ಯಾವ ಸೈಟಿನ ವಿಳಾಸ ಬರೆದರೂ ಅದು ನಕ್ಷತ್ರಗಳ ಸಾಲಾಗುತ್ತದೆ. ಬುರುಲ್‌ಳ ಗಂಡ ಎರಡು ಸಲ ಬರೆದ, ಎರಡೂ ಸಲ ನಕ್ಷತ್ರ. ಮೂರನೆಯ ಸಲಕ್ಕೆ ಎರ್ಮೆಕ್ ತಾಷ್ತೆಮಿರ್ ಎಂಬ ಹೆಸರನ್ನೇ ಜರಡಿಗೆ ಹಾಕಿಬಿಟ್ಟ. ಗಂಡ ಕೈಚೆಲ್ಲಿ ವ್ಯಾನು ಹತ್ತಿದ.

ಫೆಬ್ರವರಿಯ ಒಂದು ಮಧ್ಯಾಹ್ನ ಬುರುಲ್ ತೊಟ್ಟಿಲಿನ ಚಿತ್ರವೊಂದನ್ನು ಒಲೆಬದಿಗೆ ಹಾಕಿದಳು. ಚಿತ್ರಕ್ಕೆ ತಡೆಯಿಲ್ಲ. ನಾರಿನ್ ಕಡೆಯ ಜಿಪಾರ್ ಎಂಬಾಕೆ ಕೇಳಿದಳು: "ಅಯ್ಯೋ ಏನು ಚೆಂದ! ಯಾರ ಸೈಟು ತಾಯಿ, ಹೆಸರು ಹೇಳು."

ಹೆಸರು ಹೇಳುವುದೇ? ಮಾವನ ಹೆಸರನ್ನು ಸೊಸೆ ಎತ್ತುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನೂ ನನ್ನ ಮಾವನ ಹೆಸರನ್ನು ನಾಲಿಗೆಗೆ ತಂದಿಲ್ಲ, ಡಾಕ್ಟರು ಕೇಳಿದರೂ ಸುತ್ತಿ ಬಳಸಿಯೇ ಹೇಳಿದ್ದೇನೆ. ಬುರುಲ್ ದಿನಾ ಮನೆಯಲ್ಲಿ ಆಡುವ ಹಾಗೆಯೇ ಬರೆದಳು: "ಹೊಳೆಯ ತಳದಲ್ಲಿ ಬಿದ್ದಿರೋದು, ಕಮ್ಮಾರ ಬಡಿಯೋದು. ಎರಡನ್ನೂ ಸೇರಿಸಿ. ಹಿಂದೆ ನಮ್ಮ ದೇಶದ ಸೈಟುಗಳಿಗಿರೋ ಬಾಲ ಅಂಟಿಸಿ."

ಹೊಳೆಯ ತಳದಲ್ಲಿರುವುದು ಕಲ್ಲು, ನಮ್ಮ ಮಾತಿನಲ್ಲಿ ತಾಷ್. ಕಮ್ಮಾರ ಬಡಿಯುವುದು ಕಬ್ಬಿಣ, ತೆಮಿರ್. ಜರಡಿಗೆ ಅದೇನು ತಿಳಿಯಬೇಕು? ಹೆಂಗಸರಿಗೆ ತಿಳಿಯಲು ನಾಲ್ಕೇ ನಿಮಿಷ ಸಾಕಾಯಿತು. ಅಲ್ಲಿರುವವರೆಲ್ಲ ಒಂದಲ್ಲ ಒಂದು ಮನೆಯ ಸೊಸೆಯರು ತಾನೆ!

"ಸಿಕ್ತು! ಬಾಗಿಲು ತೆಗೀತು!" ಎಂದು ಒಬ್ಬಳು. "ನನ್ನ ಮಾವನ ಹೆಸರಲ್ಲೂ ಕಮ್ಮಾರ ಬಡಿಯೋದಿದೆ, ನಿಂಗೆ ನಾನು ನೆಂಟಳು" ಎಂದು ಇನ್ನೊಬ್ಬಳು. ಸಂಜೆಯೊಳಗೆ ಆರು ಮನೆಗಳು ತೊಟ್ಟಿಲು ಕೇಳಿದವು. "ಕೈಯಲ್ಲಿ ಹಿಟ್ಟು ಮೆತ್ಕೊಂಡಿತ್ತು ಎಜೆ. ಫೋನು ಟಣ್ ಟಣ್ ಅಂತಲೇ ಇತ್ತು, ನಾನು ಮೂಗಿಂದಲೇ ಒತ್ತಿ ಒತ್ತಿ ಓದಿದೆ" ಎನ್ನುವಾಗ ಬುರುಲ್‌ಳ ಮುಖ ಇವತ್ತಿಗೂ ಅರಳುತ್ತದೆ.

ಎರ್ಮೆಕ್ ಸುಮ್ಮನಿರಲಿಲ್ಲ. ಹೊಳೆ, ಕಮ್ಮಾರ ಎರಡನ್ನೂ ಜರಡಿಗೆ ಹಾಕಿದ. ಹೆಂಗಸರು "ಸೇತುವೆ ಕೆಳಗೆ ಹರಿಯೋದರ ತಳದ್ದು, ಲಾಳ ಕಟ್ಟೋನು ಬಡಿಯೋದು" ಎಂದರು. ಅವನು ಸೇತುವೆ, ಲಾಳ ಹಾಕಿದ. ಅವರು "ಕುರಿ ಕಾಯೋನು ತೋಳಕ್ಕೆ ಬೀಸೋದು, ಕೊಡಲಿಯ ಬಾಯಲ್ಲಿರೋದು" ಎಂದರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ಇವರು. ಮೂರು ವಾರ ಇದೇ ಆಟ. ನಾನೂ ಕಚೇರಿಯ ಕೆಲಸ ಬಿಟ್ಟು ನಾಲ್ಕು ಒಗಟು ಕಟ್ಟಿದ್ದೇನೆ, ಸಂಪಾದಕರು ಕ್ಷಮಿಸಲಿ.

ಆಟ ನಿಂತದ್ದು ಮಾರ್ಚ್ ಮೊದಲ ವಾರ. ಹೊಳೆಯ ಮೇಲಿನ ಮಂಜುಗಡ್ಡೆ ತೆಳುವಾಗಿದೆ ಎಂದು ಎಚ್ಚರಿಸಲು ಜಿಪಾರ್ ಬರೆದದ್ದು, "ಮಕ್ಕಳನ್ನು  ★★★★ ಹತ್ತಿರ ಬಿಡಬೇಡಿ" ಎಂದಾಗಿ ಹೊರಬಿತ್ತು. "ಯಾರ ಹತ್ತಿರ, ಮಾವನ ಹತ್ತಿರವಾ?" ಎಂದು ಒಬ್ಬಳು ನಕ್ಕಳು. ಜಿಪಾರ್ ನಗಲಿಲ್ಲ. ಫೋನು ಮಾಡಿಯೇ ಎರ್ಮೆಕ್‌ನ ಬೆವರಿಳಿಸಿದಳು: "ನಿನ್ನ ಜರಡಿಯಿಂದ ಒಂದು ಮಗು ನೀರಿಗೆ ಬಿದ್ರೆ ನೀನು ಎತ್ಕೊಂಡು ಬರ್ತೀಯೇನೋ?" ಆಮೇಲೆ ನೂರಾರು ಜನ ಸಾಲುಗಟ್ಟಿ ಉಗಿದರು.

ಮೊನ್ನೆ ಗುರುವಾರ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿರುವಾಗ ಎರ್ಮೆಕ್‌ನದೇ ಫೋನು ಬರುತ್ತದೆ. ಬುರುಲ್‌ಳ ಕೈತುಂಬ ಬಣ್ಣ. ಫೋನನ್ನು ಹಾಸಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾತಾಡುತ್ತಾಳೆ. ಎದುರಿಗೆ ಮಾವ, ಪಕ್ಕದಲ್ಲಿ ಅತ್ತೆ ಕಾನಿಂಬುಬು.

"ಎಜೆ, ನಾನು ಸೋತೆ. ಆ ಪದಗಳನ್ನೆಲ್ಲ ತೆಗೆದಿದ್ದೀನಿ. ನಿಮ್ಮ ಸೈಟನ್ನ ಪಟ್ಟಿಗೆ ಸೇರಿಸ್ತೀನಿ, ಇನ್ನು ನಕ್ಷತ್ರ ಬೀಳಲ್ಲ. ನಿಯಮ ಒಂದೇ, ಮಾಡೋರು ತಮ್ಮ ಬಾಯಲ್ಲೇ ಸೈಟಿನ ಹೆಸರು ಹೇಳ್ಬೇಕು."

ಬುರುಲ್ ಮಾವನ ಕಡೆ ನೋಡಿ ತಲೆ ತಗ್ಗಿಸುತ್ತಾಳೆ. "ಗೊತ್ತಲ್ಲಪ್ಪ, ಅದೇ, ಹೊಳೆ ತಳದ್ದು..."

"ಒಗಟು ಬೇಡ ಎಜೆ, ನಿಮ್ಮ ದಮ್ಮಯ್ಯ! ನೇರವಾಗಿ ಹೇಳಿ."

ಹೇಳಿದರೆ ಮಾವನಿಗೆ ಅವಮಾನ, ಹೇಳದಿದ್ದರೆ ತೆರೆದ ಬಾಗಿಲು ಮುಚ್ಚುತ್ತದೆ. ಆ ಹೆಸರು ನನ್ನ ಬಾಯಿಗೇ ಬಂದಿತ್ತು, ನನಗೇನು ಅವರು ಮಾವನಲ್ಲ. ಅಷ್ಟರಲ್ಲಿ ತಾಷ್ತೆಮಿರ್ ನಡುಗುವ ಕೈಯಿಂದ ಫೋನನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ.

"ಮಗನೇ, ಬರ್ಕೋ. ಬುರುಲ್."

"ಸೈಟಿನ ಹೆಸರು ಅದಲ್ಲವಲ್ಲ ಅತಾ?" ಅತಾ ಎಂದರೆ ಅಪ್ಪ.

"ಮಾಡೋರ ಬಾಯಿಂದ ಬರ್ಬೇಕು ಅಂದ್ಯಲ್ಲ, ಮಾಡೋಳು ಅವಳು. ನನ್ನ ಕೈ ಚಹಾದ ಬಟ್ಟಲನ್ನೂ ಹಿಡಿಯಲ್ಲ. ಐದು ವರ್ಷದಿಂದ ಜನ ಬಂದು ನನ್ನ ಹೊಗಳ್ತಾರೆ, ನಾನೂ ಹೊಗಳಿಸ್ಕೊಂಡು ಕೂತಿದ್ದೀನಿ. ಸಾಕು."

"ಆ ಹೆಸರಲ್ಲಿ ಸೈಟೇ ಇಲ್ಲ ಅತಾ!"

"ಇಲ್ದಿದ್ರೆ ಮಾಡ್ತಾಳೆ. ತೊಟ್ಟಿಲು ಮಾಡೋಳಿಗೆ ಅದೇನು ಮಹಾ?" ಎಂದು ಫೋನನ್ನು ಹಿಂದಕ್ಕೆ ತಳ್ಳಿ, ಹೆಂಡತಿಯ ಕಡೆ ತಿರುಗುತ್ತಾರೆ. "ನಮ್ಮ ಕಾರು ತೊಳೆಯೋನಿಗೂ ಹೇಳಿಕಳ್ಸು, ಬೇರೆ ಜಾಗ ನೋಡ್ಕೊಳ್ಳಲಿ."

ಬುರುಲ್ ಬಣ್ಣದ ಕೈಯಲ್ಲೇ ಮುಖ ಮುಚ್ಚಿಕೊಳ್ಳುತ್ತಾಳೆ. ಕೈ ತೆಗೆದಾಗ ಕೆನ್ನೆಯೆಲ್ಲ ಹಸಿರು. ನಾನು ಅತ್ತುಬಿಟ್ಟೆ, ಇಲ್ಲವೆನ್ನುವುದಿಲ್ಲ.

ನೂರುಜ್‌ಗೆ ಇನ್ನು ಒಂಬತ್ತು ದಿನವಿದೆ, ಈಗಾಗಲೇ ಇಪ್ಪತ್ತಮೂರು ಮನೆಗಳು ತೊಟ್ಟಿಲಿಗಾಗಿ ಕಾಯುತ್ತಿವೆ. ಬುರುಲ್‌ಳ ಹೆಸರಿನ ಹೊಸ ಸೈಟು ನಿನ್ನೆ ತೆರೆದಿದೆ. ಇನ್ನೇನಾದರೂ ಆಸೆಯಿದೆಯೇ ಎಂದು ಇವತ್ತು ಹೊರಡುವಾಗ ಬುರುಲ್‌ಳನ್ನು ಕೇಳುತ್ತೇನೆ. ಅವಳು ಬಾಯಿ ತೆರೆಯುವ ಮುಂಚೆ ಕಾನಿಂಬುಬು ಕುಟುಕುತ್ತಾರೆ: "ಅವಳಿಗೇನು ಆಸೆ? ನಾಳೆ ಇವಳ ಮಗನಿಗೆ ಹೆಂಡ್ತಿ ಬಂದ್ರೆ, ಆ ಹುಡುಗಿ ಅತ್ತೆ ಹೆಸರೆತ್ತೋ ಹಾಗಿಲ್ಲ. ಒಲೆಬದೀಲಿ ಮತ್ತೆ ಒಗಟು ಶುರು!"

ಬುರುಲ್‌ಳ ಮಗನಿಗಿನ್ನೂ ಏಳು ವರ್ಷ. ಆದರೂ ಅವಳು ಉಳಿಯನ್ನು ಕೆಳಗಿಟ್ಟು ಒಂದು ಗಳಿಗೆ ನಿಜವಾಗಿಯೇ ಯೋಚಿಸುತ್ತಾಳೆ.

"ಇಲ್ಲ ಅಮ್ಮಾ" ಎನ್ನುತ್ತಾಳೆ ಅತ್ತೆಗೆ. "ನನ್ನ ಸೊಸೆ ನನ್ನ ಹೆಸರು ಹಿಡಿದೇ ಕರೀಲಿ. ಬೀದಿ ಕೊನೇಗೆ ಕೇಳೋ ಹಾಗೆ ಕರೀಲಿ."