ಫಾರ್ಮಿನಲ್ಲಿ ಬರೆದ ಸುಳ್ಳು, ಮಲ್ಲಯ್ಯ ಕೊಟ್ಟ ಕಿವಿ

ನಮ್ಮೂರ ದೇವರು ಮಲ್ಲಯ್ಯನ ಬೆಟ್ಟ ಹತ್ತುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಮಸ್ಕಿಯಿಂದ ನಿಮ್ಮವನೊಬ್ಬನ ನಮಸ್ಕಾರ. ಹೋದ ವರ್ಷ ಅಂಡಮಾನಿನ ಸಮುದ್ರದಲ್ಲಿ ನನ್ನ ಹೆಂಡತಿ ಗೌರಿಯ ಕಿವಿ ಹೋಯಿತು. ಹೋದದ್ದು ನನ್ನ ಕೈಬರಹದಿಂದ. ಇದನ್ನು ಬರೆಯಲು ಈಗಲೂ ಮೈಯಲ್ಲಿ ಕಸುವಿಲ್ಲ. ಆದರೆ ನಮ್ಮ ಕಡೆಯವರೂ ಈಗ ದ್ವೀಪ ನೋಡಲು ಹೊರಡುತ್ತಿದ್ದಾರೆ, ಸುಮ್ಮನಿದ್ದರೆ ತಪ್ಪಾಗುತ್ತದೆ.

ನಾನು ಸಿಂಧನೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಸಾಲಗುಂದ, ಮುಕ್ಕುಂದದಿಂದ ಬಂದವರ ಅರ್ಜಿಗಳನ್ನು ತುಂಬಿಕೊಡುವವನು ನಾನೇ. ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ: ಇದ್ದದ್ದು ಇದ್ದಂತೆ ಬರೆದರೆ ಅರ್ಜಿ ವಾಪಸ್ ಬರುತ್ತದೆ. ‘ಇದೆಯೇ?’ ಎಂದು ಕೇಳಿದ ಕಡೆಯೆಲ್ಲ ‘ಇಲ್ಲ’ ಎಂದು ಗೀಚಿದರೆ ಕೆಲಸ ಮುಗಿಯುತ್ತದೆ.

ಗೌರಿ ಮುದಗಲ್ಲಿನ ಹೆಣ್ಣುಮಗಳು. ಆರನೇ ವಯಸ್ಸಿನಿಂದ ಅವಳಿಗೆ ಎಡಗಿವಿ ಕೇಳಿಸದು. ತವರಿನವರು ಅದನ್ನು ಮುಚ್ಚಿಟ್ಟು ಮದುವೆ ಮಾಡಿದರು. ಗೊತ್ತಾದ ಮೇಲೆ ನಾನೂ ನಮ್ಮವರಿಂದ ಮುಚ್ಚಿಟ್ಟೆ. ಎಡಗಡೆಯಿಂದ ಕರೆದರೆ ತಿರುಗಿ ನೋಡದ ಅವಳನ್ನು ಓಣಿಯವರು ಸೊಕ್ಕಿನವಳು ಎಂದರು. ಕಿವುಡಿ ಎನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಅವಳು ಸುಮ್ಮನಾದಳು.

ಫೋನಿನಲ್ಲಿ ಬಣ್ಣದ ಮೀನು ನೋಡಿ ಆಸೆಪಟ್ಟವಳು ಅವಳೇ. “ಸಾಯೂದ್ರೊಳಗ ಒಮ್ಮೆ ಸಮುದ್ರದ ತಳ ನೋಡಬೇಕ್ರಿ” ಅಂದಿದ್ದಳು. ಅಂಡಮಾನಿಗೆ ಕರೆದುಕೊಂಡು ಹೋದೆ. ಅಲ್ಲಿ ಈಜು ಬಾರದವರಿಗೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕಲಿಸುವವನೊಬ್ಬ ಜೊತೆಯಲ್ಲೇ ನೀರೊಳಗೆ ಕರೆದೊಯ್ಯುತ್ತಾನೆ. ಅದಕ್ಕೆ ಮೊದಲು ಒಂದು ಫಾರ್ಮು ಕೊಡುತ್ತಾರೆ: ಅಸ್ತಮಾ ಇದೆಯೇ, ಬಿಪಿ ಇದೆಯೇ, ನೆಗಡಿ ಇದೆಯೇ, ಕಿವಿಯ ತೊಂದರೆ ಇದೆಯೇ. ಇಬ್ಬರದನ್ನೂ ನಾನೇ ಎಲ್ಲದಕ್ಕೂ ‘ಇಲ್ಲ’ ಎಂದು ತುಂಬಿದೆ.

“ಎರಡು ದಿನ ಆತು ಮೂಗು ಕಟ್ಟೇತಿ. ಅದನ್ನರ ಬರೀರಿ” ಎಂದಳು.

“ಬರದ್ರ ನೀರಿಗೆ ಇಳಿಸಂಗಿಲ್ಲ. ನೀ ಸುಮ್ಮನಿರು” ಎಂದೆ.

ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು, ಆಗ ಕಿವಿ ಬಿಟ್ಟುಕೊಳ್ಳುತ್ತದೆ. ನೋವಾದರೆ ಸನ್ನೆ ಮಾಡಿ ಮೇಲೆ ಬರಬೇಕು. ಕಲಿಸುವವನು ಇದನ್ನೆಲ್ಲ ಎರಡೆರಡು ಸಲ ಹೇಳಿದ್ದ. ಕಟ್ಟಿದ ಮೂಗಿಗೆ ಗಾಳಿ ಹೋಗಲಿಲ್ಲ. ಗಂಡ ಇಷ್ಟು ದೂರ ಕರೆತಂದಿದ್ದಾನೆ ಎಂದು ಅವಳು ನೋವು ನುಂಗಿಕೊಂಡು ಇನ್ನೂ ಕೆಳಗಿಳಿದಳು. ಮೇಲೆ ಬಂದಾಗ ಮೂಗಿನಲ್ಲಿ ರಕ್ತ. ನನ್ನ ಮುಖವನ್ನೇ ನೋಡುತ್ತ, “ರೀ, ನಿಮ್ಮ ಬಾಯಿ ಅಷ್ಟ ಆಡಾಕತ್ತೈತಿ, ಮಾತು ಕೇಳವಲ್ತು” ಎಂದಳು.

ಆಸ್ಪತ್ರೆಯಲ್ಲಿ ವೈದ್ಯರು ಬಲಗಿವಿ ನೋಡಿ, ಪರದೆ ಹರಿದಿದೆ, ವಿಮಾನ ಹತ್ತಿಸಬೇಡಿ ಎಂದರು. ಹೊರಗೆ ದೊಡ್ಡ ಸಾಲಿತ್ತು, ಅವರಿಗೆ ಎಡಗಿವಿ ನೋಡುವಷ್ಟು ಪುರುಸೊತ್ತಿರಲಿಲ್ಲ. “ಇನ್ನೊಂದು ಕಿವಿ ಹೇಗಿದೆ?” ಎಂದು ಕೇಳಿದರು. ನನ್ನ ನಾಲಿಗೆ ತಾನಾಗಿಯೇ “ಚೆನ್ನಾಗಿದೆ” ಎಂದುಬಿಟ್ಟಿತು. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಹೋಗುವವರಿದ್ದರೆ ದಯಮಾಡಿ ಕೇಳಿ. ನೆಗಡಿ ಇದ್ದರೆ ನೀರಿಗಿಳಿಯಬೇಡಿ, ದಂಡೆಯಲ್ಲೇ ಕೂತು ಸಮುದ್ರ ನೋಡಿ, ಅದೇನೂ ಸಣ್ಣದಲ್ಲ. ನೀರಿಗಿಳಿದ ಮಾರನೆಯ ದಿನವೂ ಅಲ್ಲೇ ಉಳಿಯುವಂತೆ ಟಿಕೆಟ್ ಮಾಡಿಸಿ, ಮುಳುಗಿ ಎದ್ದವರು ಕೂಡಲೇ ವಿಮಾನ ಹತ್ತಬಾರದಂತೆ. ದೋಣಿಯಲ್ಲಿ ಹೊಟ್ಟೆ ತೊಳಸುತ್ತದೆ ಎಂದು ಕೆಲವರು ಉಪವಾಸ ಹೋಗುತ್ತಾರೆ, ಅದೂ ಬೇಡ, ಎರಡು ಇಡ್ಲಿ ತಿನ್ನಿ. ದಿನಾ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ಮತ್ತೆ ಆ ಫಾರ್ಮನ್ನು ನೀವೇ ಓದಿ ನೀವೇ ತುಂಬಿ. ನನ್ನಂಥ ಜಾಣನ ಕೈಗೆ ಕೊಡಬೇಡಿ.

ವಿಮಾನ ಹತ್ತುವಂತಿರಲಿಲ್ಲವಲ್ಲ, ಚೆನ್ನೈಗೆ ಹಡಗಿನಲ್ಲಿ ಮೂರು ದಿನ. ಏನು ಹೇಳಬೇಕಾದರೂ ಹಾಳೆಯಲ್ಲಿ ಬರೆದು ತೋರಿಸುತ್ತಿದ್ದೆ: ಊಟ ಬಂತು, ಮಾತ್ರೆ ತಗೋ, ಮಲಗು. ತನ್ನ ದನಿ ತನಗೇ ಕೇಳಿಸದೆ ಅವಳು ಒದರಿ ಮಾತಾಡುವಳು, ಜನ ತಿರುಗಿ ನೋಡಿದಾಗ ಬಾಯಿ ಮುಚ್ಚಿಕೊಳ್ಳುವಳು. ಎರಡನೆಯ ದಿನದಿಂದ ಮಾತೇ ಬಿಟ್ಟಳು. ನನಗೆ ಬರೆಯುವುದೂ ಸಾಕಾಯಿತು, ಬದುಕಿರುವುದೂ ಸಾಕಾಯಿತು. ಹಡಗಿನ ಅಂಚಿನ ಕಟಕಟೆ ಹಿಡಿದು ನಿಂತು ಅತ್ತೆ. “ಮಲ್ಲಯ್ಯ, ಆಕಿ ಬಲಗಿವಿ ಉಳಸಪ್ಪ. ಇನ್ನ ಮ್ಯಾಲ ಯಾರ ಏನ ಕೇಳಿದ್ರೂ ಇದ್ದದ್ದ ಹೇಳ್ತೀನಿ” ಎಂದೆ. ಬೇರೆ ಹರಕೆ ಏನೂ ತೋಚಲಿಲ್ಲ.

ರಾಯಚೂರಿಗೆ ರೈಲು, ಅಲ್ಲಿಂದ ಲಿಂಗಸುಗೂರಿಗೆ ಬಸ್ಸು. ಕಿವಿಯ ವೈದ್ಯೆಯ ಬಳಿ ಹೋದಾಗ ಮುದಗಲ್ಲಿನಿಂದ ಗೌರಿಯ ಅಣ್ಣನೂ ಬಂದಿದ್ದ. ವೈದ್ಯೆ ಬಲಗಿವಿ ನೋಡಿದರು. “ತೂತು ಸಣ್ಣದೈತ್ರಿ, ತಾನ ಕೂಡಬಹುದು. ಎಷ್ಟು ಕೇಳಸ್ತದ ಅಂತ ಈಗ ಹೇಳಾಕ ಬರಂಗಿಲ್ಲ. ಇನ್ನೊಂದು ಹೆಂಗೈತ್ರಿ?”

ಅಣ್ಣ ನನ್ನ ಮೊಣಕಾಲು ಒತ್ತಿದ. ಬಾಗಿಲಲ್ಲಿ ನಮ್ಮ ಕಡೆಯ ಪರಿಚಯದವರು ಕೂತಿದ್ದರು. ನಾನು ಕಣ್ಣು ಮುಚ್ಚಿ, “ಅದು ನಲವತ್ತು ವರ್ಷ ಆತ್ರಿ, ಕೇಳಂಗಿಲ್ಲ” ಎಂದೆ.

“ನಾಕ ಮಂದಿ ಮುಂದ ಅದನ್ಯಾಕ ಎತ್ತೀರಿ?” ಎಂದು ಅಣ್ಣ ಸಿಡುಕಿದ.

“ಅವಾಗ ಯಾವ ಡಾಕ್ಟರಿಗೆ ತೋರಿಸಿದ್ರಿ?” ಎಂದು ವೈದ್ಯೆ ಕೇಳಿದರು. ಯಾರಿಗೂ ಇಲ್ಲ. ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು.

ಅವರು ಎಡಗಿವಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಹನಿ ಔಷಧಿ ಕೊಟ್ಟು ಐದು ದಿನ ಬಿಟ್ಟು ಬರಹೇಳಿದರು. ಐದನೆಯ ದಿನ ಸಣ್ಣ ಚಿಮಟ ಹಾಕಿ ಎಳೆದಾಗ ಹುಣಸೆಬೀಜದಷ್ಟು ಗಟ್ಟಿಯಾದ ಕರಿ ಉಂಡೆ ಬಂತು. ಒಡೆದರೆ ಒಳಗೆ ಹತ್ತಿಯ ಎಳೆ. ಅಣ್ಣ ತಲೆ ತಗ್ಗಿಸಿ ಹೇಳಿದ. ಚಿಕ್ಕವಳಿದ್ದಾಗ ಕಿವಿನೋವಿಗೆ ಅವ್ವ ಬೆಳ್ಳುಳ್ಳಿ ಎಣ್ಣೆ ಬಿಟ್ಟು ಹತ್ತಿ ತುರುಕುತ್ತಿದ್ದಳಂತೆ. ಅದು ಒಳಗೇ ಉಳಿದು, ಮೇಲೆ ಮೇಣ ಕಟ್ಟಿ, ಬಾಗಿಲು ಮುಚ್ಚಿದಂತೆ ಕೂತುಬಿಟ್ಟಿತ್ತು.

ಗೌರಿ ತಟ್ಟನೆ ಎಡಕ್ಕೆ ತಿರುಗಿದಳು. “ಹೊರಗ ಯಾರೋ ಕೆಮ್ಮಾಕತ್ತಾರಲ್ರಿ.”

ನಾನು ಅಲ್ಲೇ ಕೂತು ಮಕ್ಕಳಂತೆ ಅತ್ತೆ. ಅವಳು ನನ್ನ ಭುಜ ಹಿಡಿದು, “ಅಳಬ್ಯಾಡ್ರಿ, ಅದೂ ಕೇಳಸಾಕತ್ತೈತಿ” ಎಂದಳು.

ಎರಡು ತಿಂಗಳಿಗೆ ಬಲಗಿವಿಯ ತೂತೂ ಕೂಡಿತು, ಮುಂಚಿನಷ್ಟಿಲ್ಲದಿದ್ದರೂ ಕೇಳಿಸುತ್ತದೆ. ನಾನು ಬೇಡಿದ್ದು ಬಲಗಿವಿ, ಮಲ್ಲಯ್ಯ ಮೊದಲು ಕೊಟ್ಟದ್ದು ಎಡಗಿವಿ. ಏನು ಬೇಡಬೇಕೆಂದೂ ನನಗೆ ಗೊತ್ತಿರಲಿಲ್ಲ, ಕೊಡುವವನಿಗೆ ಗೊತ್ತಿತ್ತು. ನನ್ನ ಬಾಯಿಂದ ಒಂದು ನಿಜ ಹೊರಡಲಿ ಎಂದು ಕಾದಿದ್ದನೋ ಏನೋ.

ಮೊದಲೆಲ್ಲ ಅವಳು ಬಲಗಿವಿ ದಿಂಬಿಗೊತ್ತಿ ಮಲಗಿದರೆ ನನ್ನ ಗೊರಕೆ ಅವಳಿಗೆ ತಾಗುತ್ತಿರಲಿಲ್ಲ. ಈಗ ಯಾವ ಮಗ್ಗುಲಾದರೂ ಕೇಳಿಸುತ್ತದೆ. ಎಬ್ಬಿಸಿ ಬೈಯುತ್ತಾಳೆ. ನಾನು ಎದ್ದು ಕೂತು, ಬೈಗುಳ ಮುಗಿಯುವವರೆಗೂ ಬೆಟ್ಟದ ಕಡೆ ಮುಖಮಾಡಿ ಕೈ ಮುಗಿಯುತ್ತೇನೆ.